ಗಿಳಿಯ ಬಾಲದ ಅಂಚು

"ಉಗುರು ಆಡ್ಸಿ ನೋಡಿ," ಎಂದಳು ನಾಗಶ್ರೀ.

ಸೀರೆ ಪೆಟ್ಟಿಗೆ ಮಾಡಿಸಲು ಕೊಟ್ಟಿದ್ದ ರೇಷ್ಮೆ ನೇಕಾರ ಚೌಡೇಶ್, ಮುಚ್ಚಳದ ಮೇಲೆ ಹೆಬ್ಬೆರಳಿನ ಉಗುರು ಆಡಿಸಿದ. ಕಪ್ಪು ಬೀಟೆ ಹಲಗೆಯಲ್ಲಿ ಕೂರಿಸಿದ ಹಳದಿ ಹಲಸಿನ ಮರದ ಗಿಳಿ. ಕೊಳ್ಳೇಗಾಲದ ಆ ಮರದಂಗಡಿಯಲ್ಲಿ ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಸಿಎನ್‌ಸಿ ಮಿಷನ್ ನಡೆಸುವವಳು ಅವಳೇ.

ಬಾಲದ ಬಳಿ ಉಗುರು ತಡೆಯಿತು. ಅಲ್ಲಿ ಬೀಟೆಯ ಅಂಚು ನಾರುನಾರಾಗಿ ಎದ್ದಿತ್ತು. ಅವಳಿಗೆ ಗೊತ್ತಿತ್ತು.

"ಚೆನ್ನಾಗೈತೆ ಕಣ್ರಿ. ಒಂದ್ ತಪ್ಪೂ ಇಲ್ಲ."

ಅವಳ ಮುಖ ಬಿಗಿಯಿತು. ಮಗ್ಗದಲ್ಲಿ ಒಂದೆಳೆ ತುಂಡಾದರೂ ಕಂಡುಹಿಡಿಯುವ ಇವನಿಗೆ ಇದು ಕಾಣಲಿಲ್ಲವೇ? ಅಥವಾ... ಹುಡುಗಿ ಮಾಡಿದ್ದು, ಇಷ್ಟು ಸಾಕು ಅಂತಲೇ? ಇವನೊಬ್ಬನ ಮೆಚ್ಚುಗೆಗಾಗಿ ಎಷ್ಟು ಕಾದಿದ್ದಳು!

"ಪೆಟ್ಟಿಗೆ ಕೊಡಲ್ಲ. ಓಗಿ ನೀವು."

"ಯಾಕ್ರಿ?"

ಅವಳು ಮಿಷನ್ ಹಾಕಿದಳು. ಆ ಸದ್ದಿನಲ್ಲಿ ಅವನ ಮಾತು ಕೇಳಿಸಲಿಲ್ಲ.

ವಾರವಿಡೀ ಅವನ ಫೋನ್ ಎತ್ತಲಿಲ್ಲ.

"ಗಿರಾಕೀನ ಓಡ್ಸೋದ್ ಯಾವ ಕಾಲೇಜಲ್ ಕಲ್ತೆಯವ್ವ?" ಅಂಗಡಿಯ ಯಜಮಾನ ಸಿದ್ದಮಲ್ಲಪ್ಪ ಕುಟುಕಿದರು.

ಅವಳು ಮಿಷನ್ ಮೇಲೆ ಹೊಸ ಹಲಗೆ ಕೂರಿಸಿದಳು. ನಾರನ್ನು ಮೇಲಕ್ಕೆತ್ತುತ್ತಿದ್ದ ಕೊರೆಯುವ ಬಿಟ್ ತೆಗೆದು, ಕೆಳಕ್ಕೊತ್ತಿ ಕತ್ತರಿಸುವ ಹೊಸ ಬಿಟ್ ಹಾಕಿದಳು. ನಾರು ಏಳದಂತೆ ಹಲಗೆಯ ಮೇಲೆ ಟೇಪ್ ಅಂಟಿಸಿದಳು. ಮೊದಲ ಸುತ್ತು ತೆಳ್ಳಗೆ ಕೊರೆದಳು. ಟೇಪ್ ಸುಲಿದಾಗ ಅಂಚು ಬ್ಲೇಡಿನಲ್ಲಿ ಕೊಯ್ದಂತಿತ್ತು. ಅದರೊಳಗೆ ಹೊಸ ಗಿಳಿ ಕೂರಿಸಿದಳು.

ಯಾರಿಗೆ ತೋರಿಸುವುದು? ತೋರಿಸಬೇಕೆನಿಸಿದವನು ಒಬ್ಬನೇ.

ಶನಿವಾರ ಅವನೇ ಬಾಗಿಲಲ್ಲಿ ನಿಂತಿದ್ದ.

"ಬಾಲದತ್ರ ನಾರೆದ್ದಿತ್ತು. ಉಗುರ್ಗೆ ಸಿಕ್ತು. ಸುಳ್ಳೇಳ್ದೆ."

"ಯಾಕೆ?"

"ತಪ್ಪು ಅಂದ್ರೆ ಮಾತ್ ಬುಟ್ಬುಡ್ತೀರ ಅನ್ಕಂಡೆ."

"ಸುಳ್ಳೇಳಿದ್ದಕ್ಕೇ ಬುಟ್ಟಿದ್ದು."

ಹೊಸ ಮುಚ್ಚಳ ಮುಂದಿಟ್ಟಳು. ಅವನು ನಿಧಾನವಾಗಿ ಉಗುರು ಆಡಿಸಿದ. ಬಾಲ ದಾಟಿತು, ರೆಕ್ಕೆ ದಾಟಿತು... ಕೊಕ್ಕಿನ ತುದಿಯಲ್ಲಿ ನಿಂತಿತು.

"ಇಲ್ಲಿ ಕೂದ್ಲೆಳೆಯಷ್ಟು ಸಂದಿ ಐತೆ."

ಹೌದು, ಇತ್ತು. ಅವಳೇ ಗಮನಿಸಿರಲಿಲ್ಲ. ಬೇಜಾರಾಗಬೇಕಿತ್ತು. ಎದೆ ಹಗುರಾಯಿತು.

"ಇನ್ನೇನಾರ ಏಳೋದೈತಾ?"

"ಐತೆ... ನೀವಂದ್ರೆ ನಂಗಿಷ್ಟ."

"ಇದೂ ಸುಳ್ಳೋ?"

ಅವನು ಅಂಗೈ ಚಾಚಿದ. "ಉಗುರು ಆಡ್ಸಿ ನೋಡಿ."

ಅವಳು ಆ ಕೈ ಹಿಡಿದು, ರೇಷ್ಮೆ ಎಳೆ ಸವೆಸಿದ ಬೆರಳುಗಳ ಮೇಲೆ ಮೆಲ್ಲಗೆ ಉಗುರು ಆಡಿಸಿದಳು.

"ಬಲೇ ಒರಟು," ಎಂದಳು.

ಕೈ ಮಾತ್ರ ಬಿಡಲಿಲ್ಲ.