ಅತ್ತೆ ಹಾಸಿದ ಬಿಳಿ ಹಾಸಿಗೆ

"ನನ್ನ ದಿಂಬೆಲ್ಲಿ, ಅತ್ತೆ?"

ಮೂರು ವರ್ಷದ ಮೇಲೆ ಮನೆಗೆ ಬಂದ ಸೊಸೆಯ ಮೊದಲ ಮಾತು ಇದು! ಕೋಣೆಯ ಬಾಗಿಲಲ್ಲೇ ಅವಳು ನಿಂತುಬಿಟ್ಟಿದ್ದಳು. ಮಂಚದ ಮೇಲೆ ಹಾಲಿನಂಥ ಬೆಡ್‌ಶೀಟು, ನಾಲ್ಕೂ ಮೂಲೆ ಬಿಗಿಯಾಗಿ ಒಳಕ್ಕೆ ಮಡಚಿದ್ದು. ಅದರ ಮೇಲೆ ಮಡಿಸಿಟ್ಟ ಟವೆಲು, ಕಾಗದ ಸುತ್ತಿದ ಪುಟ್ಟ ಸೋಪು. ಅವಳು ಕೂತು ಬಟ್ಟೆ ಹೊಲಿಯುತ್ತಿದ್ದ ಕುಂಟು ಮಣೆ ಇಲ್ಲ. ನಡುವೆ ಗುಳಿ ಬಿದ್ದ ಹಳೆಯ ದಿಂಬೂ ಇಲ್ಲ.

"ಇನ್ನೂ ಚೀಲ ಇಳಿಸಿಲ್ಲ, ಆಗ್ಲೇ ದಿಂಬಿನ ಪಂಚಾಯ್ತಿ! ಎಸೆದಾಯ್ತು," ಎಂದವರೇ ಅತ್ತೆ ಮುಖ ತಿರುಗಿಸಿ ಹೊರಟುಹೋದರು.

ಗೋಡೆಗೆ ಅಂಟಿ ನಿಂತಿದ್ದ ಎಂಟು ವರ್ಷದ ಮಗಳು ಪಾಠ ಒಪ್ಪಿಸುವಂತೆ ಕೇಳಿದಳು: "ಬೆಳಗ್ಗೆ ಎಷ್ಟು ಗಂಟೆಗೆ ಎಬ್ಬಿಸ್ಬೇಕು ನಿಮ್ಮನ್ನ?"

ನಿಮ್ಮನ್ನ! ಹೆತ್ತ ಅಮ್ಮನಿಗೆ...

ಗಂಡ ತೀರಿಕೊಂಡ ಮೇಲೆ ಅವಳು ಮಗುವನ್ನು ಅತ್ತೆಯ ಮಡಿಲಿಗೆ ಹಾಕಿ, ದೇಶದಿಂದ ದೇಶಕ್ಕೆ ತಿರುಗುವ ಸರ್ಕಸ್ ಕಂಪನಿಗೆ ಬಟ್ಟೆ ಹೊಲಿಯಲು ಹೋಗಿದ್ದಳು. ಎಷ್ಟು ಊರು, ಎಷ್ಟು ಕೋಣೆ! ಎಲ್ಲೇ ಮಲಗಿದರೂ ಅವಳಿಗೆ ನೆನಪಾಗುತ್ತಿದ್ದದ್ದು ಆ ದಿಂಬಿನ ಗುಳಿ, ಅತ್ತೆಯ ಅಂಗಡಿಯಿಂದ ಗೋಡೆ ದಾಟಿ ಬರುವ ಇಸ್ತ್ರಿಪೆಟ್ಟಿಗೆಯ ಧಬ್ ಧಬ್, ಸುಟ್ಟ ಗಂಜಿಯ ವಾಸನೆ, ಅತ್ತೆಯ ಬೈಗುಳ... ಮತ್ತೆ ಮೂರು ವರ್ಷ ಬರುತ್ತೀಯೋ ಇಲ್ಲವೋ, ಇವತ್ತು ಸಂಜೆಯೊಳಗೆ ಹೇಳು ಎಂದಿತ್ತು ಕಂಪನಿ. ಇಲ್ಲ ಎನ್ನಲೆಂದೇ ಓಡಿ ಬಂದಿದ್ದಳು. ಆದರೆ ಈ ಮನೆಯಲ್ಲಿ ತನ್ನದೆನ್ನುವ ಒಂದು ಮಣೆಯೂ ಉಳಿದಿಲ್ಲವಲ್ಲ!

ಮಧ್ಯಾಹ್ನ, "ಹೋಗ್ತೀನಿ" ಎಂದು ಹೇಳಿಯೇಬಿಡೋಣವೆಂದು ಅಂಗಡಿಗೆ ಬಂದಳು. ಇಸ್ತ್ರಿ ಮೇಜಿನ ಪಕ್ಕ ನೆಲದ ಮೇಲೆ ಅತ್ತೆ ಮಲಗಿದ್ದರು. ಕೆನ್ನೆಯ ಕೆಳಗೆ... ಅದೇ ದಿಂಬು! ಮೂಲೆಯಲ್ಲಿ ಅದೇ ಕುಂಟು ಮಣೆ!

"ಎಸೆದೆ ಅಂದ್ರಲ್ಲ, ಅತ್ತೆ!"

ಅತ್ತೆ ದಡಬಡಿಸಿ ಎದ್ದು ದಿಂಬನ್ನು ಬೆನ್ನ ಹಿಂದೆ ಬಚ್ಚಿಟ್ಟರು.

"ನಿಂಗ್ಯಾಕೆ ಈ ಹಳೇದು? ಫೋನಲ್ಲಿ ಏನಂತಿದ್ದೆ? ಬಿಳೀ ಹಾಸಿಗೆ, ಬೆಣ್ಣೆ ಥರ ಮೆತ್ತಗೆ, ದಿನಾ ಹೊಸ ಸೋಪು, ಬಾಗಿಲು ತಟ್ಟಿ ಎಬ್ಬಿಸ್ತಾರೆ ಅಂತ! ಅಷ್ಟು ಸುಖ ಕಂಡೋಳು ಈ ಗುಳಿ ನೋಡಿ ಮತ್ತೆ ಹೊರಟುಬಿಟ್ರೆ ಆ ಮಗೂಗೆ ಏನ್ ಹೇಳ್ಲಿ? ಇಸ್ತ್ರಿಗೆ ಲಾಡ್ಜಿನ ಬಟ್ಟೆ ತರೋರ ಹತ್ರ ಮೂಲೆ ಮಡಚೋದು ಕಲಿತೆ ಕಣೇ... ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಯ್ತು."

"ಎಲ್ಲಾ ಸುಳ್ಳು ಅತ್ತೆ! ನೀವು ಕೊರಗ್ಬಾರ್ದು ಅಂತ ಹೇಳಿದ್ದು... ಇಬ್ಬರ ಹಾಸಿಗೇಲಿ ನಾಲ್ಕು ಜನ ಮಲಗ್ತಿದ್ವಿ!"

ಅತ್ತೆ ಹಣೆಗೆ ಕೈ ಬಡಿದುಕೊಂಡರು. "ಅಯ್ಯೋ ಪೆದ್ದಿ! ನಿನ್ನ ಸುಳ್ಳಿಗೆ ನನ್ನ ಸೊಂಟ ಬಲಿಯಾಯ್ತಲ್ಲೇ!" ಎಂದು ನಗಲು ಹೋಗಿ ಗೊಳೋ ಎಂದು ಅತ್ತುಬಿಟ್ಟರು. ಸೊಸೆ ಅವರನ್ನು ತಬ್ಬಿಕೊಂಡಳು.

"ಸಾಕು, ದಿಂಬು ಕೊಡಿ."

"ಕೊಡಲ್ಲ. ನಿನ್ನ ತಲೆ ಎಣ್ಣೆ ವಾಸನೆ ಯಾವತ್ತೋ ಹೋಯ್ತು. ಆದ್ರೂ ಇದಿಲ್ದೆ ನಂಗೆ ನಿದ್ದೆ ಬರಲ್ಲ." ಅತ್ತೆ ಮಣೆಯಿದ್ದ ಮೂಲೆ ತೋರಿಸಿದರು. "ನೋಡು, ನಿನ್ನ ಹೊಲಿಗೆ ಮೆಷಿನ್‌ಗೆ ಅಂತ ಜಾಗ ಖಾಲಿ ಬಿಟ್ಟಿದೀನಿ... ನೀನು ಇರೋದಾದ್ರೆ."

ಸಂಜೆ ಕಂಪನಿಗೆ ಫೋನು ಮಾಡಿ "ಬರೋದಿಲ್ಲ" ಎಂದು ಹೇಳಿ ಸೊಸೆ ಕೋಣೆಗೆ ಬಂದಾಗ, ಮಗಳು ಬಿಳಿ ಹಾಸಿಗೆಯ ಮೇಲೆ ಕುಣಿಯುತ್ತಿದ್ದಳು. ಬಿಗಿದ ಮೂಲೆಗಳೆಲ್ಲ ಬಿಚ್ಚಿಹೋಗಿದ್ದವು.

"ಅಮ್ಮಾ, ನೀನು ನಾಳೇನೂ ಇಲ್ಲೇ ಮಲಗ್ತೀಯಾ?"

"ನಾಳೇನೂ, ನಾಡಿದ್ದೂ ಕಣೇ."

ಗೋಡೆಯಾಚೆ ಇಸ್ತ್ರಿಪೆಟ್ಟಿಗೆಯ ಧಬ್ ಧಬ್ ನಿಂತಿತು. "ಇಳಿಯೇ ಕೆಳಗೆ, ಕೋತಿ! ಎರಡು ಗಂಟೆ ಇಸ್ತ್ರಿ ಮಾಡಿದೀನಿ ಅದನ್ನ!"

ಸೊಸೆ ಕಣ್ಣು ಮುಚ್ಚಿ ಆ ಬೈಗುಳವನ್ನು ಕೇಳಿಸಿಕೊಂಡಳು. ಆಮೇಲೆ ತಾನೂ ಮಂಚ ಹತ್ತಿದಳು.