ಒಣಗದ ತಟ್ಟೆಗಳು

೨೦೧೯ರ ಜನವರಿ ೨೨, ಮಂಗಳವಾರ, ಬೆಳಿಗ್ಗೆ ೬ ಗಂಟೆ ೪೦ ನಿಮಿಷ. ಜಪಾನಿನ ನಿಶಿನೊ ಊರಿನ ಹಳೆಯ ಅರಸು ಬಿಡದಿಯ ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯ ಮೊಳೆ ಖಾಲಿ. ಹಿಂದೆ ಈ ಹೆದ್ದಾರಿಯಲ್ಲಿ ಬಂದ ಪಾಳೆಯಗಾರನೊಬ್ಬ ತಂಗಿದ್ದಾಗ ತೂಗುಹಾಕಿದ್ದ ಹೆಸರಿನ ಹಲಗೆ ಮಾಯವಾಗಿತ್ತು.

ಬೀಗ ಒಡೆದಿರಲಿಲ್ಲ. ಯಾರೋ ಕೀಲಿಯಿಂದಲೇ ತೆಗೆದಿದ್ದರು. ಬೆಂಕಿ ಕಾವಲಿನ ಸರದಿ ಯಾರದೋ ಅವರು ಸಂಜೆ ಮರದ ಕೋಲು ತಟ್ಟುತ್ತ ಬೀದಿ ಸುತ್ತಿ, ಕೊನೆಗೆ ಬಿಡದಿಗೆ ಬೀಗ ಹಾಕುವುದು ಆ ಊರ ಪದ್ಧತಿ. ಈ ತಿಂಗಳ ಸರದಿ ಫುಮಿಯದು.

"ನಿನ್ನೆ ಎಂಟಕ್ಕೆ ಬೀಗ ಹಾಕ್ದೆ. ಹಲಗೆ ಇತ್ತು," ಎಂದಳು ಫುಮಿ.

"ಆಮೇಲೆ ಕೀಲಿ?" ಪೊಲೀಸ್ ಠಾಣೆಯ ಮೊಮೊಸೆ ಕೇಳಿದಳು.

"ಅಡುಗೆಮನೆ ಮೊಳೇಲಿ. ಹಿತ್ತಲ ಬಾಗಿಲಿಗೆ ಚಿಲಕ ಹಾಕೋ ರೂಢಿ ಈ ಬೀದೀಲಿ ಯಾರಿಗಿದೆ, ಮೊಮೊಸೆಯವರೇ?"

ಫುಮಿ ವಿಧವೆ. ಗಂಡನ ಮನೆಯಲ್ಲೇ ಸಣ್ಣ ವಸತಿಗೃಹ ನಡೆಸುತ್ತಾಳೆ. ಮನೆ ಮಾರಬಾರದು, ಬಾಡಿಗೆಗೆ ಕೊಡಬಾರದು, ಕೆಡವಬಾರದು ಎಂಬುದು ಊರ ಕಟ್ಟಳೆ. ಹೊರಗಿನಿಂದ ಬಂದ ಸೊಸೆ ಅಲ್ಲಿ ಉಳಿಯಲು ಊರ ಸಮಿತಿಯ ಒಪ್ಪಿಗೆ ಬೇಕು. ಕಳ್ಳಿ ಎನಿಸಿಕೊಂಡರೆ ಒಪ್ಪಿಗೆ ರದ್ದು, ಮನೆ ಮೈದುನ ಸೇಜಿಯ ಪಾಲು.

*

ಅನುಮಾನ ಮೊದಲು ಹೋದದ್ದು ಒಬ್ಬ ಚಾರಣಿಗನ ಮೇಲೆ. ರಾತ್ರಿ ಫುಮಿಯ ಮನೆಯಲ್ಲಿ ತಂಗಿದ್ದವನು ನಸುಕಿನಲ್ಲೇ ಹೊರಟಿದ್ದ. ಕಣಿವೆಯ ನೆತ್ತಿಯ ಚಹಾದಂಗಡಿಯಲ್ಲಿ ಮೊಮೊಸೆ ಅವನನ್ನು ಹಿಡಿದಳು. ಚೀಲದಲ್ಲಿ ಬಟ್ಟೆ ಸುತ್ತಿದ ಹಲಗೆಯೊಂದಿತ್ತು.

"ತರಕಾರಿ ಹೆಚ್ಚೋ ಮಣೆ, ಹೆಂಡತಿಗೆ," ಎಂದ ಅವನು. "ಯಾಕೆ, ಇದರ ಮೇಲೂ ಯಾರಾದ್ರೂ ಅರಸು ಮಲಗಿದ್ನಾ?"

ಮಧ್ಯಾಹ್ನ ಕಳುವಾದ ಹಲಗೆ ಸಿಕ್ಕಿತು. ಫುಮಿಯ ಹಿತ್ತಲಿನಲ್ಲಿ, ಸೌದೆ ರಾಶಿಯ ಹಿಂದೆ. ಮೊಮೊಸೆ ಬೇಡ ಎನ್ನುವಷ್ಟರಲ್ಲಿ ಸಮಿತಿಯ ಹಿರಿಯ ಫುರುಹಾತಾ ಅದನ್ನು ಬರಿಗೈಯಲ್ಲಿ ಎಳೆದಿದ್ದರು. ಅಂಚಿನಲ್ಲಿ ಕಪ್ಪು ಅಂಟಿನ ಕಲೆಯಿತ್ತು.

"ಗುರುವಾರ ಸಂಜೆ ಸಭೆ," ಎಂದರು ಅವರು, ಫುಮಿಯ ಮುಖ ನೋಡದೆ. "ಕೀಲಿ ಈಗಲೇ ಕೊಡಮ್ಮ."

*

ಅಂದು ಸಂಜೆ ಮೊಮೊಸೆ ಕಣಿವೆಯ ಕೆಳಗಿನ ಹಳ್ಳಿಯಲ್ಲಿದ್ದ ಸೇಜಿಯ ಕಾರ್ಯಾಗಾರಕ್ಕೆ ಹೋದಳು. ಮರದ ಪಾತ್ರೆಗಳಿಗೆ ಉರುಶಿ ಮರದ ಸೊನೆ ಬಳಿದು ಮೆರುಗು ಕೊಡುವುದು ಅವನ ಕಸುಬು. ಒಳಗೆ ಒಲೆ ನಿಗಿನಿಗಿ ಉರಿಯುತ್ತಿತ್ತು.

"ನಿನ್ನೆ ರಾತ್ರಿ ಎಲ್ಲಿದ್ರಿ?"

"ಇಲ್ಲೇ. ಎರಡು ಗಂಟೆವರೆಗೂ ಹತ್ತು ತಟ್ಟೆಗೆ ಸೊನೆ ಬಳಿದೆ. ಕಪಾಟಲ್ಲಿವೆ, ನೋಡಿ. ಇನ್ನೂ ಅಂಟಂಟು. ಮೊದಲೇ ಬಳಿದಿದ್ರೆ ಇಷ್ಟೊತ್ತಿಗೆ ಗಟ್ಟಿಯಾಗಿರೋದು."

ಕಪಾಟಿನ ಕಬ್ಬಿಣದ ಹಿಡಿಗೆ ಕೈ ತಾಗಿದೊಡನೆ ಮೊಮೊಸೆಯ ಬೆರಳಿಗೆ ಚುರುಕ್ಕೆಂದು ವಿದ್ಯುತ್ ಕಿಡಿ ಹೊಡೆಯಿತು. ಅವಳು ಕಪಾಟು ತೆರೆದು ಒಂದು ತಟ್ಟೆಗೆ ಕಾಗದದ ಚೂರು ಒತ್ತಿದಳು. ಅದು ಅಂಟಿಕೊಂಡಿತು. ಒಳಗಿದ್ದುದನ್ನೆಲ್ಲ, ಕಪಾಟಿನ ಬಾಗಿಲ ಒಳಮೈಯ ಮಾಪಕದ ಸಮೇತ, ಮೊಬೈಲಿನಲ್ಲಿ ಸೆರೆಹಿಡಿದಳು.

"ಅತ್ತಿಗೇನ ಕಟುವಾಗಿ ನೋಡ್ಬೇಡಿ," ಎಂದ ಸೇಜಿ. "ಅಣ್ಣ ಹೋದ್ಮೇಲೆ ಅವಳ ತಲೆ ನೆಟ್ಟಗಿಲ್ಲ."

*

ಗುರುವಾರ ಸಂಜೆಯ ಸಭೆಯಲ್ಲಿ ಫುರುಹಾತಾರ ಬಲ ಅಂಗೈ ಕೆಂಪಗೆ ಊದಿ ಗುಳ್ಳೆಯೆದ್ದಿತ್ತು.

"ತುರಿಕೆ ಶುರುವಾಗಿದ್ದು ಯಾವಾಗ?" ಮೊಮೊಸೆ ಎಲ್ಲರೆದುರೇ ಕೇಳಿದಳು.

"ನಿನ್ನೆ. ಸೌದೆಯಲ್ಲಿ ಯಾವುದೋ ಹುಳ ಇತ್ತೇನೋ."

"ಹುಳ ಅಲ್ಲ. ಹಲಗೆ ಮೇಲಿನ ಕಲೆ ಹಸಿ ಉರುಶಿ ಸೊನೆ, ಮುಟ್ಟಿದ್ರೆ ಮೈ ಊದುತ್ತೆ. ಪ್ರಯೋಗಾಲಯದವರೂ ಅದನ್ನೇ ಹೇಳಿದ್ದಾರೆ. ಫುಮಿ ಮದುವೆಯಾಗಿ ಬಂದ ವಾರವೇ ಮೈದುನನ ಕಾರ್ಯಾಗಾರಕ್ಕೆ ಹೋಗಿ ಮುಖ ಊದಿಸಿಕೊಂಡಿದ್ದು ಊರಿಗೇ ಗೊತ್ತು. ಈ ಹಲಗೆ ಹೊತ್ತಿದ್ರೆ ಅವಳ ಕೈ ನಿಮ್ಮದಕ್ಕಿಂತ ಕೆಟ್ಟಿರ್ಬೇಕಿತ್ತು. ನೋಡಿ."

ಫುಮಿ ಎರಡೂ ಕೈ ಚಾಚಿದಳು. ಒಂದು ಗುಳ್ಳೆಯೂ ಇರಲಿಲ್ಲ.

"ದಿನಾ ಸೊನೆ ಮುಟ್ಟಿ ಚರ್ಮ ಪಳಗಿದವರಿಗೆ ತುರಿಕೆ ಬರಲ್ಲ. ತಮ್ಮ ಕೈಗವಸಲ್ಲಿ ಸೊನೆ ಇದೆ ಅನ್ನೋದೂ ಅಂಥವರಿಗೆ ನೆನಪಿರಲ್ಲ. ಅಂಥವರಲ್ಲಿ ಫುಮಿಯ ಅಡುಗೆಮನೆ ಮೊಳೆ ಗೊತ್ತಿರೋರು ಯಾರು?"

"ನಾನು ತಟ್ಟೆ ಬಳೀತಿದ್ದೆ," ಎಂದ ಸೇಜಿ. "ನೀವೇ ಕಾಗದ ಒತ್ತಿ ನೋಡಿದ್ರಿ."

"ಹೌದು. ಬೇರೆ ಬಣ್ಣ ಒಣಹವೆಯಲ್ಲಿ ಬೇಗ ಒಣಗುತ್ತೆ. ಉರುಶಿ ಗಟ್ಟಿಯಾಗೋಕೆ ತೇವ ಬೇಕು. ಅದಕ್ಕೇ ನೀವೆಲ್ಲ ಕಪಾಟಿನಲ್ಲಿ ಒದ್ದೆ ಬಟ್ಟೆ ಇಡೋದು. ಬಟ್ಟೆ ಒಣಗಿಸಿ, ಒಲೆ ಉರಿಸಿಬಿಟ್ರೆ ವಾರದ ಹಿಂದೆ ಬಳಿದ ತಟ್ಟೇನೂ ನಿನ್ನೆ ಬಳಿದಂತೇ ಅಂಟುತ್ತೆ."

"ಮೂವತ್ತು ವರ್ಷದ ಕಸುಬಮ್ಮ ಇದು. ನನಗೇ ಪಾಠವಾ? ಬಟ್ಟೆ ನೆನೆಸಿದ್ದೆ. ಕಪಾಟಿನ ತೇವಾಂಶ ಎಪ್ಪತ್ತೈದಕ್ಕಿಂತ ಕೆಳಗೆ ಇಳಿದೇ ಇಲ್ಲ."

ಮೊಮೊಸೆ ಮೊಬೈಲನ್ನು ಫುರುಹಾತಾರ ಮುಂದಿಟ್ಟಳು. ಸೇಜಿಯದೇ ಕಪಾಟು, ಅವನದೇ ತೇವಾಂಶ ಮಾಪಕ. ಫುರುಹಾತಾ ಕನ್ನಡಕ ಏರಿಸಿ ನೋಡಿದರು. ಬಹಳ ಹೊತ್ತು ನೋಡಿದರು.

"ಅದು ನಮ್ಮಜ್ಜ ಕಟ್ಟಿಸಿದ ಮನೆ," ಎಂದ ಸೇಜಿ ಚಾಪೆಯನ್ನೇ ನೋಡುತ್ತ. "ಹೊರಗಿನೋಳು ಅದರಲ್ಲಿ ಯಜಮಾನಿಕೆ ಮಾಡ್ತಾಳೆ. ನಾನು ಕೆಳಗಿನ ಹಳ್ಳೀಲಿ ಸೊನೆ ಮೂಸ್ಕೊಂಡು ಬಿದ್ದಿರ್ಬೇಕು."

"ಕೇಳಿದ್ರೆ ಮುಂದಿನ ಕೋಣೇಲಿ ಅಂಗಡಿ ಇಟ್ಕೋ ಅಂತಿದ್ದೆ, ಸೇಜಿ," ಎಂದಳು ಫುಮಿ. "ನೀನು ಕೇಳ್ಲೇ ಇಲ್ಲ."

ಫುರುಹಾತಾ ಬಿಡದಿಯ ಕೀಲಿಯನ್ನು ಎಡಗೈಯಿಂದ ಅವಳತ್ತ ಸರಿಸಿದರು. ಮೂಲೆಯಲ್ಲಿದ್ದ ಕಿವಿ ಮಂದದ ಸದಸ್ಯರೊಬ್ಬರು ಮುಂದೆ ಬಾಗಿ, ಮಾಪಕ ಎಷ್ಟು ತೋರಿಸುತ್ತಿದೆ ಎಂದು ಕೇಳಿದರು.

"ಶೇಕಡ ಮೂವತ್ತೊಂದು," ಎಂದರು ಫುರುಹಾತಾ.