ಎರಡು ಬದನೆಕಾಯಿಗೆ ಒಬ್ಬ ತಮ್ಮ

"ನಿನ್ನ ತಮ್ಮನಾ? ಅವನು ಆಗ್ಲೇ ಮಾರಾಟ ಆಗ್ಬಿಟ್ಟ."

ಅಂಗಡಿಯ ಹುಡುಗ ಇಷ್ಟು ಹೇಳಿ, ಮರದ ಟೊಮೇಟೊಗಳನ್ನು ಸಾಲಾಗಿ ಜೋಡಿಸುವ ಕೆಲಸಕ್ಕೆ ತಿರುಗಿದ. ವಯಸ್ಸು ಏಳಿರಬಹುದು. ದಪ್ಪ ಕನ್ನಡಕ. ಹಸಿರು ಏಪ್ರನ್ ಅವನ ಪಾದದವರೆಗೂ ಇಳಿದು ನೆಲ ಗುಡಿಸುತ್ತಿತ್ತು.

ಸಿಡುಕಿ ಪಕ್ಕದ ತಳ್ಳುಗಾಡಿಯೊಳಗೆ ಇಣುಕಿದಳು.

ಅವಳನ್ನು ಮನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದೇ ಸಿಡುಕಿ ಎಂದು. ಹಾಗೆ ಕರೆದರೆ ಅವಳು ಸಿಡುಕುತ್ತಿದ್ದಳು. ಅದರಿಂದ ಹೆಸರು ಇನ್ನಷ್ಟು ಗಟ್ಟಿಯಾಯಿತು. ಅವಳಿಗೆ ಹತ್ತು ವರ್ಷ. ತಮ್ಮನಿಗೆ ನಾಲ್ಕು. ಅವನು ಬುಗುರಿ. ನಿಂತಲ್ಲಿ ನಿಲ್ಲದವನಿಗೆ ಬೇರೆ ಏನೆಂದು ಹೆಸರಿಡಲಾದೀತು?

ಆ ಬುಗುರಿಯನ್ನು ಇದೇ ಅಂಗಡಿಯ ತಳ್ಳುಗಾಡಿಯಲ್ಲಿ ಕೂರಿಸಿ ಹೋಗಿದ್ದಳು. ಈಗ ಗಾಡಿಯಲ್ಲಿ ಒಂದು ಮರದ ಎಲೆಕೋಸು ಮಾತ್ರ ಇತ್ತು.

ಅದು ಮಕ್ಕಳ ಮ್ಯೂಸಿಯಂ. ಬೇರೆ ಮ್ಯೂಸಿಯಂಗಳಲ್ಲಿ 'ಮುಟ್ಟಬೇಡಿ' ಎಂದು ಬೋರ್ಡು ಹಾಕಿರುತ್ತಾರೆ. ಇಲ್ಲಿ ಬಾಗಿಲಲ್ಲೇ 'ದಯವಿಟ್ಟು ಮುಟ್ಟಿ' ಎಂದಿತ್ತು. ಒಳಗೆ ಒಂದು ಪುಟ್ಟ ಪೇಟೆ. ಅಂಗಡಿ, ಬಸ್ಸು, ಆಸ್ಪತ್ರೆ, ಮನೆ ಎಲ್ಲವೂ ದೊಡ್ಡವರ ಭುಜದೆತ್ತರಕ್ಕೆ. ಅಂಗಡಿಯವರು, ಡಾಕ್ಟರು, ಡ್ರೈವರು ಎಲ್ಲರೂ ಮಕ್ಕಳೇ. ಆಟವಾಡುತ್ತಿದ್ದೇವೆಂದು ಅವರಲ್ಲಿ ಯಾರಿಗೂ ಅನ್ನಿಸಿದ ಹಾಗೆ ಕಾಣಲಿಲ್ಲ. ಅಷ್ಟು ಗಂಭೀರವಾದ ಮುಖಗಳು ನಿಜವಾದ ಪೇಟೆಯಲ್ಲೂ ಸಿಗುವುದಿಲ್ಲ.

"ಮಾರ್ಬಿಟ್ಯಾ? ನನ್ನ ತಮ್ಮನ್ನ?" ಸಿಡುಕಿ ಹುಡುಗನ ಕಡೆ ತಿರುಗಿದಳು. "ಅವನೇನು ತರಕಾರೀನಾ?"

"ನೀನೇ ತಾನೇ ಹೇಳಿದ್ದು?" ಹುಡುಗ ಕನ್ನಡಕವನ್ನು ಮೇಲೆ ತಳ್ಳಿದ. "ಇಲ್ಲಿ ಸಾಮಾನು ಬಿಟ್ಟು ಹೋಗಂಗಿಲ್ಲ, ಮಾರೋಕೆ ತಂದಿದ್ದಾ ಅಂತ ನಾನು ಕೇಳ್ದೆ. ನೀನು, ಹೂಂ ಮಾರು, ಯಾರಾದ್ರೂ ತಗೊಂಡ್ರೆ ಪುಣ್ಯ ಬರತ್ತೆ ಅಂದೆ."

ಅಂದಿದ್ದಳು. ಸುಳ್ಳಲ್ಲ.

ಆದರೆ ಅದಕ್ಕೆ ಕಾರಣವೂ ಇತ್ತು. ಒಳಗಡೆ ಸೋಪಿನ ಗುಳ್ಳೆಯ ಕೋಣೆಯಿತ್ತು. ನೆಲದ ಮೇಲಿನ ದೊಡ್ಡ ಬಳೆಯಂಥ ರಿಂಗಿನ ನಡುವೆ ನಿಂತು ಹಗ್ಗ ಎಳೆದರೆ ದೊಡ್ಡ ಗುಳ್ಳೆ ಎದ್ದುಬಂದು, ನಾವೇ ಗುಳ್ಳೆಯೊಳಗೆ! ಎಂಟು ವರ್ಷ ದಾಟಿದವರಿಗೆ ಮಾತ್ರ. ಅದಕ್ಕಾಗಿ ಸಿಡುಕಿ ತಿಂಗಳಿಂದ ಕಾದಿದ್ದಳು. ಬುಗುರಿಯೋ, ಬೆಳಿಗ್ಗೆ ಬಸ್ಸು ಹತ್ತಿದಾಗಿನಿಂದ ಅವಳ ಫ್ರಾಕಿನ ತುದಿ ಹಿಡಿದು, "ಅಕ್ಕಾ, ಒಂದು ಇರುವೆ ಇತ್ತಂತೆ" ಎಂದು ಶುರುಮಾಡಿದ್ದ. "ಸಾಕು ಬಿಡೋ" ಎಂದರೂ, ಐದು ನಿಮಿಷ ಬಿಟ್ಟು ಮತ್ತೆ, "ಅಕ್ಕಾ, ಒಂದು ಇರುವೆ ಇತ್ತಂತೆ."

ಅವನನ್ನು ಬಿಟ್ಟು ಓಡಿಹೋಗಿ ಕ್ಯೂ ನಿಂತದ್ದೇನೋ ನಿಜ. ಗುಳ್ಳೆ ಅವಳ ಮೊಣಕಾಲಿನವರೆಗೆ ಬಂದು ಟಪ್ಪೆಂದು ಒಡೆದದ್ದೂ ನಿಜ.

"ಎಷ್ಟಕ್ಕೆ ಮಾರ್ದೆ?"

"ಆಫರ್ ಇತ್ತು. ಎರಡು ಬದನೆಕಾಯಿ ತಗೊಂಡ್ರೆ ಒಬ್ಬ ತಮ್ಮ ಫ್ರೀ."

"ಫ್ರೀ!" ಸಿಡುಕಿಗೆ ಮೈಯೆಲ್ಲ ಉರಿಯಿತು. ಮಾರಿದ್ದಕ್ಕಿಂತ ಇದೇ ಹೆಚ್ಚು ಚುಚ್ಚಿತು. "ಪುಕ್ಕಟೆ ಕೊಟ್ಬಿಟ್ಯಾ? ಅವನಿಗೆ ಒಂದರಿಂದ ನೂರರವರೆಗೆ ಬರತ್ತೆ ಗೊತ್ತಾ? ನಡುವೆ ಅರವತ್ತು ಮಾತ್ರ ಬಿಟ್ಟುಹೋಗತ್ತೆ!"

"ಮೊದ್ಲೇ ಹೇಳ್ಬೇಕಿತ್ತು," ಎಂದು ಹುಡುಗ ನಿಟ್ಟುಸಿರಿಟ್ಟ. "ತೂಕ ಹಾಕಿ ನೋಡ್ದೆ. ನಾಲ್ಕು ಕುಂಬಳಕಾಯಿ ತೂಗ್ತಿದ್ದ. ಅಷ್ಟು ಭಾರದ ಮಾಲು ಯಾರೂ ತಗೊಳಲ್ಲ. ಎರಡು ಜಡೆ ಹುಡುಗಿ ತಗೊಂಡ್ಳು. ಒಳ್ಳೆ ಗಿರಾಕಿ."

"ವಾಪಸ್ ಕೊಡ್ಸು!"

ಹುಡುಗ ಮೇಲಕ್ಕೆ ಬೆರಳು ತೋರಿಸಿದ. ತಲೆಯ ಮೇಲೆ ಬೋರ್ಡು ತೂಗುತ್ತಿತ್ತು. ಮಾರಿದ ಸಾಮಾನು ವಾಪಸ್ ಇಲ್ಲ.

ಸಿಡುಕಿ ಅಪ್ಪನ ಬಳಿಗೆ ಓಡಿದಳು.

ಅಪ್ಪ ಲಿಫ್ಟ್ ರಿಪೇರಿ ಮಾಡುವವರು. ಹನ್ನೆರಡು ಅಂತಸ್ತಿನ ಲಿಫ್ಟು ನಡುವೆ ಸಿಕ್ಕಿಕೊಂಡರೂ ಶಿಳ್ಳೆ ಹಾಕಿಕೊಂಡೇ ಸರಿ ಮಾಡುತ್ತಿದ್ದರು. ಈಗ ಮೂಲೆಯ ಗಿಡ್ಡ ಸ್ಟೂಲಿನ ಮೇಲೆ, ಮೊಣಕಾಲು ಕಿವಿಯ ಹತ್ತಿರ ಬರುವಂತೆ ಕೂತು, ಮರದ ತುಂಡುಗಳನ್ನು ಸೇರಿಸಿ ಮೀನು ಮಾಡಲು ಹೆಣಗಾಡುತ್ತಿದ್ದರು. ಪೆಟ್ಟಿಗೆಯ ಮೇಲೆ 'ಐದು ವರ್ಷದ ಮಕ್ಕಳಿಗೆ' ಎಂದು ಬರೆದಿತ್ತು.

"ಅಪ್ಪಾ, ಬುಗುರೀನ ಮಾರ್ಬಿಟ್ಟಿದ್ದಾರೆ!"

"ಒಳ್ಳೇದಾಯ್ತಮ್ಮ," ಎಂದರು ಅಪ್ಪ, ತಲೆಯೆತ್ತದೆ. "ಈ ಬಾಲ ಎಲ್ಲಿ ಕೂರತ್ತೆ ಹೇಳು?"

ಇವರಿಂದ ಆಗುವ ಕೆಲಸವಲ್ಲ. ಸಿಡುಕಿ ತಾನೇ ಹುಡುಕಲು ಹೊರಟಳು.

ಪೇಟೆಯ ನಡುವೆ ಹಳದಿ ಬಸ್ಸು ನಿಂತಿತ್ತು. ಅದರ ಚಕ್ರಗಳನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದರು. ಪುಟಾಣಿ ಡ್ರೈವರಮ್ಮ ಸ್ಟಿಯರಿಂಗನ್ನು ಗರಗರ ತಿರುಗಿಸುತ್ತಿದ್ದಳು.

"ಎರಡು ಜಡೆ ಹುಡುಗೀನ ನೋಡಿದ್ಯಾ? ಜೊತೆಗೊಬ್ಬ ಚಿಕ್ಕ ಹುಡುಗ?"

"ಬಸ್ ಓಡ್ತಿರುವಾಗ ಡ್ರೈವರ್ ಜೊತೆ ಮಾತಾಡ್ಬಾರ್ದು."

"ಇದು ಓಡೋದೇ ಇಲ್ವಲ್ಲ!"

"ಟ್ರಾಫಿಕ್ ಜಾಸ್ತಿ ಇದೆ," ಎಂದಳು ಡ್ರೈವರಮ್ಮ, ಖಾಲಿ ನೆಲವನ್ನು ದಿಟ್ಟಿಸುತ್ತ. ಹಿಂದೆ ಕೂತಿದ್ದ ಒಬ್ಬ ಅಜ್ಜ ಮೆಲ್ಲಗೆ, "ಹೌದಮ್ಮ, ನಾವು ಅರ್ಧ ಗಂಟೆಯಿಂದ ಇಲ್ಲೇ ಇದ್ದೀವಿ," ಎಂದು ತಲೆಯಾಡಿಸಿದರು. ಆಮೇಲೆ ಡ್ರೈವರಮ್ಮನಿಗೆ ಕಾಣದ ಹಾಗೆ, ಕಿಟಕಿಯಿಂದ ಕೈ ಹೊರಹಾಕಿ ಕೆಂಪು ಬಾಗಿಲಿನ ಮನೆಯ ಕಡೆ ಬೆರಳು ತೋರಿಸಿದರು.

ಮನೆಯ ಬಾಗಿಲು ಸಿಡುಕಿಯ ಎದೆಮಟ್ಟಕ್ಕೆ ಬರುತ್ತಿತ್ತು. ಬಗ್ಗಿ ಒಳಗೆ ಇಣುಕಿದಳು.

ಬುಗುರಿ ಊಟದ ಮೇಜಿನ ಮುಂದೆ ಕೂತಿದ್ದ. ಕೂತೇ ಇದ್ದ! ಅವನ ಕುತ್ತಿಗೆಗೆ ಕರ್ಚೀಫು ಕಟ್ಟಿತ್ತು, ಅಂಗಿಯ ಮೇಲೆ ಅಂಗಡಿಯ ಗುಂಡು ಸ್ಟಿಕರ್ ಇತ್ತು. ಎದುರಿಗೆ ಎರಡು ಜಡೆಯ ಹುಡುಗಿ ಗಲ್ಲಕ್ಕೆ ಕೈಯಿಟ್ಟು ಕೂತಿದ್ದಳು. ಸಿಡುಕಿಯಷ್ಟೇ ವಯಸ್ಸಿರಬೇಕು. ತಟ್ಟೆಯಲ್ಲಿ ಮರದ ಬ್ರೆಡ್ಡು, ಎರಡು ಬದನೆಕಾಯಿ.

"ಏಳೋ, ಹೋಗೋಣ," ಎಂದಳು ಸಿಡುಕಿ.

ಬುಗುರಿ ಅವಳನ್ನು ನೋಡಿ, ಬ್ರೆಡ್ಡನ್ನು ಕಚ್ಚಿದಂತೆ ಮಾಡಿ, ನಿಧಾನವಾಗಿ ಅಗಿದು ನುಂಗಿದ. "ನಾನು ಬರಲ್ಲ. ನಂಗೆ ಬಿಲ್ ಆಗಿದೆ."

"ಬಿಲ್ ಇದೆ," ಎಂದು ಎರಡು ಜಡೆಯವಳು ಚೀಟಿಯನ್ನೂ ತೋರಿಸಿದಳು.

"ಅವನು ನನ್ನ ತಮ್ಮ!"

"ಗೊತ್ತು. ನೀನು ಮಾರಿದ್ದೆ, ನಾನು ತಗೊಂಡೆ." ಅವಳ ದನಿಯಲ್ಲಿ ಜಗಳವಿರಲಿಲ್ಲ. "ತುಂಬ ಒಳ್ಳೆ ತಮ್ಮ. ಅವನ ಇರುವೆ ಕಥೆ ಎಷ್ಟು ಚೆನ್ನಾಗಿದೆ ಅಲ್ವಾ? ನೀನಂತೂ ಎಷ್ಟು ಸಲ ಕೇಳಿರ್ತೀಯೋ!"

ಸಿಡುಕಿ ಬದನೆಕಾಯಿಗಳ ಕಡೆ ನೋಡುತ್ತ, "ಹೂಂ," ಎಂದಳು.

"ಕೇಳಿಲ್ಲ," ಎಂದ ಬುಗುರಿ. "ಈ ಅಕ್ಕ ಪೂರ್ತಿ ಕೇಳಿದ್ಲು. ಆನೆ ಬಾಲದ ತುದೀತನಕ."

ಅವನು ಸಿಟ್ಟಿನಿಂದ ಹೇಳಿದ್ದರೆ ಸಿಡುಕಿ ಮರುಮಾತು ಕೊಡುತ್ತಿದ್ದಳು. ಕಾಲು ನೆಲಕ್ಕೆ ಅಪ್ಪಳಿಸಿ ಅತ್ತಿದ್ದರೆ ಎಳೆದುಕೊಂಡೇ ಹೋಗುತ್ತಿದ್ದಳು. ಆದರೆ ಅವನು 'ಇವತ್ತು ಸೋಮವಾರ' ಎನ್ನುವ ಹಾಗೆ ಹೇಳಿದ್ದ. ಇವನು ನಿಜವಾಗಿಯೂ ಬರದೇ ಹೋದರೆ? ಮನೆಗೆ ಹೋದ ಮೇಲೆ ಅಮ್ಮ ಬಾಗಿಲು ತೆರೆದು, ಇವಳ ಹಿಂದೆ ನೋಡಿದರೆ?

ಅಷ್ಟರಲ್ಲಿ ಗಂಟೆ ಕೇಳಿಸಿತು. ಮ್ಯೂಸಿಯಂನ ಕಾವಲಿನ ಆಂಟಿ ಕೈಗಂಟೆ ಅಲ್ಲಾಡಿಸುತ್ತ ಬಂದರು. "ಟೈಮಾಯ್ತು ಮಕ್ಕಳೇ! ಎಲ್ಲಿಂದ ತಗೊಂಡ್ರೋ ಅಲ್ಲೇ ಇಟ್ಬಿಡಿ!"

ಎರಡು ಜಡೆಯವಳು ಎದ್ದಳು. ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಕರ್ಚೀಫು ಬಿಚ್ಚಿ ಮಡಿಸಿದಳು. ಬದನೆಕಾಯಿಗಳನ್ನು ಕಂಕುಳಲ್ಲಿಟ್ಟುಕೊಂಡು, ಬುಗುರಿಯ ಕೈ ಹಿಡಿದಳು.

"ಎಲ್ಲಿಗೆ?" ಸಿಡುಕಿ ಗಾಬರಿಯಾದಳು.

"ಅಂಗಡಿಗೆ. ಎಲ್ಲಾನೂ ವಾಪಸ್ ಇಡ್ಬೇಕಲ್ಲ. ಇಲ್ಲಾಂದ್ರೆ ನಾಳೆ ಬರೋ ಮಕ್ಕಳಿಗೆ ಸಿಗಲ್ಲ." ನಡೆಯುತ್ತಲೇ ಹೇಳಿದಳು, "ನನ್ನಮ್ಮ ಟಿಕೆಟ್ ಕೌಂಟರ್‌ನಲ್ಲಿರೋದು. ರಜಾ ದಿನ ಎಲ್ಲ ನಾನು ಇಲ್ಲೇ. ನಂಗೆ ರೂಢಿ ಇದೆ."

ಅಂಗಡಿಯಲ್ಲಿ ಅವಳು ಬದನೆಕಾಯಿಗಳನ್ನು ಬುಟ್ಟಿಗೆ ಹಾಕಿದಳು. ಬುಗುರಿಯನ್ನು ಎತ್ತಿ, ಕೆಳಗಿನ ಶೆಲ್ಫಿನಲ್ಲಿ ಎಲೆಕೋಸು ಮತ್ತು ಕುಂಬಳಕಾಯಿಯ ನಡುವೆ ಕೂರಿಸಿದಳು. ಬುಗುರಿಯೂ ಬೆನ್ನು ನೆಟ್ಟಗೆ ಮಾಡಿ, ಕೈಗಳನ್ನು ತೊಡೆಯ ಮೇಲಿಟ್ಟು, ತರಕಾರಿಯ ಹಾಗೆಯೇ ಕೂತ. ಕೈಬಿಡುವ ಮುಂಚೆ ಅವಳು ಅವನ ಹಣೆಯ ಕೂದಲನ್ನು ಪಕ್ಕಕ್ಕೆ ಸರಿಸಿ, ಮಡಚಿಕೊಂಡಿದ್ದ ಕಾಲರನ್ನು ಸರಿಮಾಡಿದಳು. ಬೆಳಿಗ್ಗೆಯಿಂದ ಅದು ಹಾಗೆಯೇ ಮಡಚಿಕೊಂಡಿತ್ತು. ಸಿಡುಕಿ ಈಗಷ್ಟೇ ನೋಡಿದಳು.

"ಬಾರೋ," ಎಂದು ಸಿಡುಕಿ ಕೈಚಾಚಿದಳು.

"ಏಯ್ ಏಯ್!" ಅಂಗಡಿಯ ಹುಡುಗ ಅಡ್ಡ ಬಂದ. ಅವನು ಆಗಲೇ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದ್ದ. "ಅಂಗಡಿ ಮುಚ್ಚಿದೆ. ನಾಳೆ ಬಾ."

"ನಾಳೆ ಬರೋಕಾಗಲ್ಲ ಕಣೋ! ನಮ್ಮ ಮನೆ ದೂರ. ಪ್ಲೀಸ್! ಒಂದೇ ಒಂದು ಸಾಮಾನು."

ಹುಡುಗ ಅವಳ ಮುಖ ನೋಡಿದ. ಏನನ್ನಿಸಿತೋ, ಏಪ್ರನ್ ತೆಗೆದು ಮತ್ತೆ ತಲೆಯ ಮೇಲಿಂದ ಹಾಕಿಕೊಂಡ. ಕಟ್ಟಲು ಕೈ ನಿಲುಕದೆ ತಿರುಗಿ ನಿಂತ. ಎರಡು ಜಡೆಯವಳು ಹಿಂದಿನಿಂದ ದಾರ ಕಟ್ಟಿಕೊಟ್ಟಳು.

"ಏನು ಬೇಕಿತ್ತು?"

"ಆ ತಮ್ಮ."

"ಅದು ಹಳೇ ಸ್ಟಾಕು," ಎಂದು ಹುಡುಗ ದನಿ ತಗ್ಗಿಸಿದ. "ಒಂದ್ಸಲ ಮಾರಾಟ ಆಗಿ ಬಂದಿರೋದು. ಕುಂಬಳಕಾಯಿ ತಗೋ. ಮಾತಾಡಲ್ಲ, ಫ್ರಾಕ್ ಎಳಿಯಲ್ಲ."

ಶೆಲ್ಫಿನಲ್ಲಿ ಕುಂಬಳಕಾಯಿಯ ಪಕ್ಕ ಎರಡು ಕಣ್ಣು ಮಿಟುಕದೆ ಅವಳನ್ನೇ ನೋಡುತ್ತಿದ್ದವು.

"ಬೇಡ. ನಂಗೆ ಅವನೇ ಬೇಕು."

"ಚೆನ್ನಾಗಿ ನೋಡಿ ತಗೋ. ಆಮೇಲೆ ವಾಪಸ್ ಇಲ್ಲ."

"ವಾಪಸ್ ಇಲ್ವಾ?"

"ಇಲ್ಲ."

"ಯಾವತ್ತೂ ಇಲ್ವಾ?"

"ಯಾವತ್ತೂ ಇಲ್ಲ."

"ಸರಿ," ಎಂದಳು ಸಿಡುಕಿ. ಯಾಕೋ ಅವಳಿಗೆ ಉಸಿರು ಸಲೀಸಾಯಿತು. "ಬಿಲ್ ಮಾಡು."

ಬುಗುರಿ ಶೆಲ್ಫಿನಿಂದ ತಾನೇ ಇಳಿದು, ಓಡಿಬಂದು ತಕ್ಕಡಿಯ ಮೇಲೆ ಹತ್ತಿ ನಿಂತ. ಈ ಸಲವೂ ನಾಲ್ಕು ಕುಂಬಳಕಾಯಿಯೇ.

ಹೊರಡುವಾಗ ಬಾಗಿಲಲ್ಲಿ ಸಿಡುಕಿ ಹಿಂತಿರುಗಿ ನೋಡಿದಳು. ಎರಡು ಜಡೆಯವಳು ಪುಟ್ಟ ಪೇಟೆಯ ನಡುವೆ ಒಬ್ಬಳೇ ನಿಂತು, ಬಿದ್ದಿದ್ದ ಟೊಮೇಟೊಗಳನ್ನು ಆರಿಸುತ್ತಿದ್ದಳು.

"ಮುಂದಿನ ತಿಂಗಳು ಮತ್ತೆ ಬರ್ತೀವಿ," ಎಂದು ಸಿಡುಕಿ ಕೂಗಿದಳು. "ಆದ್ರೆ ಇವನನ್ನ ಮಾರಲ್ಲ. ಬಾಡಿಗೆಗೆ ಬೇಕಾದ್ರೆ ಕೊಡ್ತೀನಿ."

ಅವಳು ಟೊಮೇಟೊ ಹಿಡಿದುಕೊಂಡೇ ಯೋಚಿಸಿದಳು. "ಎರಡು ಬದನೆಕಾಯಿ ತಗೊಂಡ್ರೆ ಅಕ್ಕಾನೂ ಫ್ರೀ ಬರ್ತಾಳಾ?"

"ಮೂರು ತಗೊಂಡ್ರೆ," ಎಂದಳು ಸಿಡುಕಿ. ಫ್ರೀ ಎಂದರೂ ಒಂದು ಮರ್ಯಾದೆ ಬೇಡವೇ?

ಎರಡು ಜಡೆಯವಳು ನಕ್ಕಳು. ಜಡೆಗಳೂ ನಕ್ಕಂತೆ ಕುಣಿದವು.

ಅಪ್ಪನನ್ನು ಎಬ್ಬಿಸುವುದೇ ಕಷ್ಟವಾಯಿತು. "ಸಾರ್, ಎಲ್ಲಿಂದ ತಗೊಂಡ್ರೋ ಅಲ್ಲೇ ಇಡಿ," ಎಂದು ಕಾವಲಿನ ಆಂಟಿ ಮೂರು ಸಲ ಹೇಳಿದರು. "ಬಾಲ ಒಂದೇ ಬಾಕಿ," ಎನ್ನುತ್ತಲೇ ಅಪ್ಪ ಎದ್ದರು.

ಬಸ್ಸಿನಲ್ಲಿ ಸಿಡುಕಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಬುಗುರಿ ಅವಳ ಪಕ್ಕದಲ್ಲಿ ಕೂತ. ಹಿಂದಿನ ಸೀಟಿನಲ್ಲಿ ಅಪ್ಪ ಗಾಳಿಯಲ್ಲಿ ಬೆರಳಿನಿಂದ ಮೀನಿನ ಬಾಲ ಬರೆಯುತ್ತಿದ್ದರು.

ಐದು ನಿಮಿಷವಾಯಿತು, ಹತ್ತಾಯಿತು. ಬುಗುರಿ ಅವಳ ಫ್ರಾಕಿನ ತುದಿ ಹಿಡಿಯಲಿಲ್ಲ. ಸಿಡುಕಿಗೆ ಅದು ಅಭ್ಯಾಸವಿರಲಿಲ್ಲ.

"ಒಂದು ಇರುವೆ ಇತ್ತಂತಲ್ಲ," ಎಂದಳು ಕೊನೆಗೆ.

ಬುಗುರಿ ಥಟ್ಟನೆ ತಿರುಗಿದ. "ಹೂಂ! ಅದು ಆನೆ ಮೇಲೆ ಹತ್ತುತ್ತಾ ಇತ್ತು. ಮೊದ್ಲು ಉಗುರು ಹತ್ತಿತು. ಆಮೇಲೆ ಇನ್ನೊಂದು ಉಗುರು. ಆಮೇಲೆ..."

"ಆನೆ ಮೇಲೆ ಯಾಕೆ ಹತ್ತುತ್ತಿತ್ತು?"

"ಮೇಲೆ ಅದರ ಅಕ್ಕ ಇದ್ಲು. ಕಿವಿ ಹತ್ರ. ಇದು ಕರೀತಾನೇ ಇತ್ತು. ಅವಳು ಕೆಳಗೆ ನೋಡೋದೇ ಇಲ್ಲ."

ಬಸ್ಸು ಒಂದು ನಿಲ್ದಾಣದಲ್ಲಿ ನಿಂತು ಮತ್ತೆ ಹೊರಟಿತು. ಕಿಟಕಿಯ ಹೊರಗೆ ದೀಪಗಳು ಹತ್ತುತ್ತಿದ್ದವು. ಸಿಡುಕಿ ಅವನ್ನು ನೋಡಲಿಲ್ಲ. ಬುಗುರಿಯ ಶೂಗಳು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಇದ್ದವು. ಬಗ್ಗಿ ಅವನ್ನು ಬಿಚ್ಚಿ, ಸರಿಯಾಗಿ ಹಾಕಿದಳು. ಅಂಗಿಯ ಮೇಲಿನ ಸ್ಟಿಕರನ್ನು ಮಾತ್ರ ಕೀಳಲಿಲ್ಲ. ತುದಿ ಎದ್ದಿದ್ದ ಕಡೆ ಬೆರಳಿನಿಂದ ಒತ್ತಿ ಅಂಟಿಸಿದಳು.

"ಈಗ ನೋಡಿದ್ಲು ಅಂತ ಹೇಳು," ಎಂದಳು ಮೆಲ್ಲಗೆ.

ಬುಗುರಿ ಹುಬ್ಬು ಗಂಟಿಕ್ಕಿದ. "ಅಷ್ಟು ಬೇಗ ಆಗಲ್ಲ ಅಕ್ಕಾ. ಇನ್ನೂ ಮೊಣಕಾಲೇ ಬಂದಿಲ್ಲ."

"ಹೌದಲ್ವಾ?" ಎಂದು ಸಿಡುಕಿ ಅವನ ಕಡೆಗೆ ಸರಿದು ಕೂತಳು. ಆನೆಯ ಕಾಲು ಬಹಳ ಉದ್ದವಿತ್ತು. ಮನೆಯೂ ಇನ್ನೂ ದೂರವಿತ್ತು.